ಹಳೆಯ ಕಾರು ಕುಗ್ಗುವುದೇಕೆ?

ಮೈಸೂರಿನ ರಾಮಕೃಷ್ಣನಗರದ ಅಡ್ಡರಸ್ತೆಗಳಲ್ಲಿ ಸಂಜೆಯ ಹೊತ್ತು ತಿರುಗಾಡುವವರಿಗೆ ಯಾವುದಾದರೊಂದು ಮನೆಯ ಮುಂದೆ ಹಳೆಯ ಅಂಬಾಸಿಡರ್ ಕಾರು ನಿಂತಿರುವುದು ಈಗಲೂ ಕಾಣಸಿಗುವುದು. ತಂದೆಯ ಕಾಲದ ಗಾಡಿಯೆಂಬ ಅಭಿಮಾನದಿಂದ ಮಕ್ಕಳು ಅದಕ್ಕೆ ಹೊಸ ಬಣ್ಣ ಹಾಕಿಸಿರುತ್ತಾರೆ. ಸೀಟಿಗೆ ಹೊಸ ಗವಸು ಹೊಲಿಸಿರುತ್ತಾರೆ. ಆದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನೋಡಿದರೆ ಗಾಡಿಯ ನಿಲುವಿನಲ್ಲಿಯೇ ಏನೋ ಐಬು ಕಾಣುವುದು. ಹಿಂಭಾಗ ನೆಲದ ಕಡೆಗೆ ಕುಳಿತಿದೆ. ಬಲಮಗ್ಗುಲು ತುಸು ವಾಲಿದೆ. ದಣಿದ ಎತ್ತು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಂತೆ ತೋರುವುದು.

ಇದಕ್ಕೆ ಕಾರಣವೇನೆಂದು ಕೇಳಿದರೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ದೊರೆಯುವುದು. ‘ಸ್ಪ್ರಿಂಗಿನ ಶಕ್ತಿ ಹೋಗಿದೆ’ ಎಂಬುದು ಒಂದು. ‘ಶಾಕ್ ಅಬ್ಸಾರ್ಬರ್ ಸತ್ತಿದೆ’ ಎಂಬುದು ಇನ್ನೊಂದು. ‘ಒಂದು ಪಟ್ಟಿ ಹೆಚ್ಚಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ಮೂರನೆಯದು. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದನ್ನು ಒಪ್ಪುವ ಮೊದಲು ಯೋಚಿಸಬೇಕು. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಹುಕ್‌ನ ನಿಯಮ, ತಿರುಚು, ಆಂದೋಲನ ಇಷ್ಟನ್ನೇ ಹಿಡಿದು ಹೊರಟರೆ ಈ ವ್ಯಾಜ್ಯವನ್ನು ನಾವೇ ತೀರ್ಮಾನಿಸಬಹುದು.

ಗಾಡಿ ನಾಲ್ಕು ಬೆರಳು ಕುಗ್ಗಿದರೆ ನಷ್ಟವೇನು, ಅದು ಕೇವಲ ಅಂದದ ಮಾತಲ್ಲವೆ ಎಂದು ಕೆಲವರು ಕೇಳಬಹುದು. ಅಂಬಾಸಿಡರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಸುಮಾರು 246 ಸೆಂಟಿಮೀಟರು. ಹಿಂಭಾಗ 5 ಸೆಂಟಿಮೀಟರು ಇಳಿದರೆ ಗಾಡಿಯ ಒಡಲು ಸುಮಾರು ಐವತ್ತಕ್ಕೆ ಒಂದರ ಪ್ರಮಾಣದಲ್ಲಿ ಮೂತಿಯನ್ನು ಮೇಲೆತ್ತುವುದು. ಮುಂದಿನ ದೀಪಗಳ ಕಿರಣವೂ ಅಷ್ಟೇ ಮೇಲೇಳುವುದರಿಂದ 50 ಮೀಟರು ದೂರದಲ್ಲಿ ಬೆಳಕು ಇರಬೇಕಾದುದಕ್ಕಿಂತ ಒಂದು ಮೀಟರು ಮೇಲೆ ಬೀಳುವುದು. ರಾತ್ರಿ ಹುಣಸೂರಿನ ರಸ್ತೆಯಲ್ಲಿ ಎದುರಿಗೆ ಸ್ಕೂಟರಿನಲ್ಲಿ ಬರುವವನಿಗೆ ಆ ಬೆಳಕು ರಸ್ತೆಯನ್ನು ತೋರಿಸುವುದಿಲ್ಲ. ಅವನ ಕಣ್ಣನ್ನೇ ಕುಕ್ಕುವುದು.

ಇನ್ನೊಂದು ನಷ್ಟವೂ ಉಂಟು. ಚಕ್ರವು ಮೇಲಕ್ಕೆ ಚಲಿಸಲು ಇರುವ ಅವಕಾಶದ ಕೊನೆಯಲ್ಲಿ ರಬ್ಬರಿನ ತಡೆಯೊಂದನ್ನು ಇಟ್ಟಿರುತ್ತಾರೆ. ನಿಂತ ಸ್ಥಿತಿಯಿಂದ ಈ ತಡೆಯವರೆಗೆ 8 ಸೆಂಟಿಮೀಟರು ಅವಕಾಶವಿತ್ತೆಂದೂ ಕುಗ್ಗಿದ ಮೇಲೆ 4 ಸೆಂಟಿಮೀಟರು ಮಾತ್ರ ಉಳಿಯಿತೆಂದೂ ಇಟ್ಟುಕೊಳ್ಳೋಣ. ಸ್ಪ್ರಿಂಗು ತನ್ನೊಳಗೆ ಸೇರಿಸಿಕೊಳ್ಳುವ ಶಕ್ತಿಯು ಚಲನೆಯ ದೂರದ ವರ್ಗಕ್ಕೆ ಅನುಪಾತದಲ್ಲಿರುವುದು. ಆದುದರಿಂದ ದೂರ ಅರ್ಧವಾದರೆ, ರಸ್ತೆಯ ಉಬ್ಬಿನಿಂದ ಬರುವ ಪೆಟ್ಟನ್ನು ನುಂಗುವ ಸಾಮರ್ಥ್ಯ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುವುದು. ಉಳಿದ ಮುಕ್ಕಾಲು ಪಾಲು ಒಡಲಿಗೂ ಕುಳಿತವರ ಬೆನ್ನುಮೂಳೆಗೂ ಸಲ್ಲುವುದು.

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಶ್ರೇಣಿಯಿಂದ. ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು ಅದನ್ನು 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿತು. 2014ರಲ್ಲಿ ತಯಾರಿಕೆ ನಿಂತಿತು. ಕಾರ್ಖಾನೆ ಮುಚ್ಚಿದ ಮೇಲೆ ಹಾಳಾದ ಭಾಗಕ್ಕೆ ಬದಲಾಗಿ ಅಂಥದೇ ಹೊಸದನ್ನು ತರುವುದು ಸುಲಭವಲ್ಲ. ಇರುವುದನ್ನು ಕೆಡಿಸದೆ ಸರಿಪಡಿಸುವ ವಿದ್ಯೆಗೆ ಈಗ ಬೆಲೆ ಬಂದಿರುವುದು ಈ ಕಾರಣದಿಂದ.

ಈ ಕಾರಿನ ಹಿಂಭಾಗವನ್ನು ಹೊತ್ತಿರುವುದು ಪಟ್ಟಿ ಕಮಾನುಗಳು. ಉಕ್ಕಿನ ಬಾಗಿದ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರಡಿಯಲ್ಲೊಂದು ಜೋಡಿಸಿ ನಡುವೆ ಬಿಗಿದಿರುತ್ತಾರೆ. ಮೈಸೂರಿನವರಿಗೆ ಇದು ಹೊಸ ನೋಟವಲ್ಲ. ಅರಮನೆಯ ಸುತ್ತ ಇಂದಿಗೂ ಓಡಾಡುವ ಟಾಂಗಾಗಳ ಕೆಳಗೆ ಬಗ್ಗಿ ನೋಡಿದರೆ ಇದೇ ಕುಲದ ಕಮಾನು ಕಾಣುವುದು. ಆದರೆ ಮುಂಭಾಗದ ಏರ್ಪಾಡು ಬೇರೆ. ಅಲ್ಲಿ ಸುರುಳಿಯಾಕಾರದ ಸ್ಪ್ರಿಂಗನ್ನು ಹುಡುಕುವವನಿಗೆ ಏನೂ ಸಿಗದು. ಎಡಕ್ಕೊಂದು ಬಲಕ್ಕೊಂದರಂತೆ ಎರಡು ನೀಳವಾದ ಉಕ್ಕಿನ ಸರಳುಗಳು ಗಾಡಿಯ ತಳದಲ್ಲಿ ಮುಂದಿನಿಂದ ಹಿಂದಕ್ಕೆ ಮಲಗಿವೆ, ಅಷ್ಟೆ. ಸರಳಿನ ಹಿಂದಿನ ತುದಿಯನ್ನು ಚೌಕಟ್ಟಿಗೆ ಅಲುಗದಂತೆ ಬಿಗಿದಿದೆ. ಮುಂದಿನ ತುದಿಗೆ ಚಕ್ರವನ್ನು ಹೊತ್ತ ತೋಳನ್ನು ಸಿಕ್ಕಿಸಿದೆ. ಚಕ್ರ ಮೇಲೆದ್ದಾಗ ತೋಳು ತಿರುಗಿ ಸರಳು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳುವುದು. ಇದೇ ತಿರುಚು ಸರಳು; ಗ್ಯಾರೇಜಿನ ಮಾತಿನಲ್ಲಿ ಟಾರ್ಷನ್ ಬಾರ್. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1934ರ ತನ್ನ ಕಾರಿನಲ್ಲಿ ಇದನ್ನು ಬಳಸಿತ್ತು. ಅಲೆಕ್ ಇಸಿಗೋನಿಸ್ ರೂಪಿಸಿ 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಕಾರಿನಲ್ಲಿಯೂ ಮುಂಭಾಗವನ್ನು ಹೊತ್ತದ್ದು ಇದೇ.

ತಿರುಚಿನ ನಿಯಮವನ್ನು ಕಂಡುಕೊಂಡವನು ವಿದ್ಯುತ್ತಿನ ಪಾಠದಲ್ಲಿ ನಮಗೆ ಪರಿಚಿತನಾದ ಕೂಲಂಬನೇ. ಲೋಹದ ತಂತಿಗಳನ್ನು ತಿರುಚಿ ನೋಡಿ ಅವನು 1784ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ತಂತಿಯ ಬಿಗುವು ಅದರ ಉದ್ದಕ್ಕೆ ವಿಲೋಮ ಅನುಪಾತದಲ್ಲಿಯೂ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಲೋಮ ಅನುಪಾತದಲ್ಲಿಯೂ ಇರುವುದು. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ತಂತಿಗೆ ತಟ್ಟೆಯನ್ನು ತೂಗಹಾಕಿ ದೃಢತಾಗುಣಾಂಕವನ್ನು ಕಂಡುಹಿಡಿಯುವಾಗ ನಾವು ಬಳಸುವುದು ಇದೇ ನಿಯಮವನ್ನು. ನಾಲ್ಕನೆಯ ಘಾತವೆಂಬುದು ಲಘುವಾದ ಮಾತಲ್ಲ. ವ್ಯಾಸ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಬಿಗುವು ನೂರಕ್ಕೆ 46ರಷ್ಟು ಹೆಚ್ಚುವುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಅಂಕಿಗಳು ಯಾವುದೇ ನಿರ್ದಿಷ್ಟ ಕಾರಿನವಲ್ಲ, ಲೆಕ್ಕದ ಅನುಕೂಲಕ್ಕಾಗಿ ಆರಿಸಿಕೊಂಡವು. ಸರಳಿನ ಉದ್ದ 120 ಸೆಂಟಿಮೀಟರು, ವ್ಯಾಸ 2.2 ಸೆಂಟಿಮೀಟರು, ತೋಳಿನ ಉದ್ದ 25 ಸೆಂಟಿಮೀಟರು, ಆ ಚಕ್ರದ ಪಾಲಿಗೆ ಬಂದ ಭಾರ 2700 ನ್ಯೂಟನ್ ಆಗಿರಲಿ. ಉಕ್ಕಿನ ದೃಢತಾಗುಣಾಂಕ ಚದರ ಮೀಟರಿಗೆ ಸುಮಾರು 8,000 ಕೋಟಿ ನ್ಯೂಟನ್. ಲೆಕ್ಕ ಮಾಡಿದರೆ ಸರಳು ಸುಮಾರು 25 ಡಿಗ್ರಿ ತಿರುಚಿಕೊಳ್ಳುವುದೆಂದೂ ತೋಳಿನ ತುದಿ 11 ಸೆಂಟಿಮೀಟರು ಚಲಿಸುವುದೆಂದೂ ಹೊರಡುವುದು. ಹೀಗೆ ಭಾರ ಬಿದ್ದಾಗ ಸ್ಪ್ರಿಂಗು ತನ್ನ ಸಹಜ ಸ್ಥಿತಿಯಿಂದ ಎಷ್ಟು ಇಳಿಯುವುದೋ ಅದನ್ನು ಈ ಲೇಖನದಲ್ಲಿ ‘ಭಾರದಿಳಿತ’ ಎಂದು ಕರೆಯೋಣ.

ಭಾರದಿಳಿತದ ಮಹತ್ತ್ವ ಬಹಳ. ಗುರುತ್ವ ವೇಗೋತ್ಕರ್ಷವನ್ನು ಅದರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಗಾಡಿಯು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಬಾರಿ ತೂಗುವುದೆಂಬುದು ದೊರೆಯುವುದು. ಭಾರದಿಳಿತ 20 ಸೆಂಟಿಮೀಟರಾದರೆ ಸೆಕೆಂಡಿಗೆ 1.1 ಆಂದೋಲನ, 5 ಸೆಂಟಿಮೀಟರಾದರೆ 2.2. ಮನುಷ್ಯನು ನಡೆಯುವಾಗ ಅವನ ಮೈ ಮೇಲೆ ಕೆಳಗೆ ಆಡುವುದು ಸೆಕೆಂಡಿಗೆ ಹೆಚ್ಚುಕಡಮೆ ಎರಡು ಬಾರಿ. ಕಾರಿನ ತೂಗಾಟ ಇದನ್ನು ಮೀರಿ ಚುರುಕಾದರೆ ಸವಾರಿ ಒರಟೆನಿಸುವುದು. ಒಂದರಿಂದ ಒಂದೂವರೆಯವರೆಗೆ ಇದ್ದರೆ ಹಿತವೆನಿಸುವುದು. ಮೇಲಿನ ಲೆಕ್ಕದ ಸರಳಿಗೆ ಈ ಸಂಖ್ಯೆ 1.5. (ರಾಮಕೃಷ್ಣನಗರದ ಒಂದು ವೃತ್ತಕ್ಕೆ ಆಂದೋಲನ ವೃತ್ತವೆಂದೇ ಹೆಸರು. ಅಲ್ಲಿರುವುದು ಜನಾಂದೋಲನದ ಅರ್ಥ. ಆದರೆ ಆ ಕಡೆ ಹೋಗುವಾಗಲೆಲ್ಲ ಭೌತಶಾಸ್ತ್ರದ ಅಧ್ಯಾಪಕನಿಗೆ ನೆನಪಾಗುವುದು ಲೋಲಕವೇ.)

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಗಾಡಿಯ ಎತ್ತರ ಬೇರೆ, ಸ್ಪ್ರಿಂಗಿನ ಬಿಗುವು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹಳೆಯ ಕಾರುಗಳಿಗೆ ಹೆಚ್ಚಿನ ಕೇಡು ಒದಗಿದೆ. ತಿರುಚು ಸರಳಿನ ಹಿಂದಿನ ತುದಿಯನ್ನು ಬಿಚ್ಚಿ, ಸ್ವಲ್ಪ ತಿರುಗಿಸಿ, ಮತ್ತೆ ಬಿಗಿದರೆ ತೋಳಿನ ಸ್ಥಾನ ಬದಲಾಗಿ ಮುಂಭಾಗ ಮೇಲೇಳುವುದು. ‘ಸರಳನ್ನು ಬಿಗಿ ಮಾಡಿದೆವು, ಇನ್ನು ಗಾಡಿ ಗಡುಸಾಗುತ್ತದೆ’ ಎಂದು ಹೇಳುವವರುಂಟು. ಹಾಗಾಗದು. ಸರಳಿನ ಉದ್ದವಾಗಲಿ ವ್ಯಾಸವಾಗಲಿ ಬದಲಾಗಿಲ್ಲ. ಹೊತ್ತ ಭಾರವೂ ಅಷ್ಟೇ. ಹಾಗಾದರೆ ತಿರುಚಿನ ಕೋನವೂ ಭಾರದಿಳಿತವೂ ಅಷ್ಟೇ ಇರಬೇಕಷ್ಟೆ. ನಾವು ಮಾಡಿದ್ದು ಅಳತೆಗೋಲನ್ನು ಬದಲಿಸದೆ ಅದರ ಸೊನ್ನೆಯನ್ನು ಮಾತ್ರ ಸರಿಸಿದಂತೆ.

ಸರಿಸುವ ಈ ಉಪಾಯದಲ್ಲಿಯೂ ಒಂದು ಜಾಣತನವಿದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂಭಾಗದ ಸರಳುಗಳ ಒಳತುದಿಯ ಸುತ್ತ 40 ಹಲ್ಲುಗಳನ್ನೂ ಹೊರತುದಿಯ ಸುತ್ತ 44 ಹಲ್ಲುಗಳನ್ನೂ ಕೊರೆದಿರುತ್ತಾರೆ. ಒಳಗಡೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ. 25 ಸೆಂಟಿಮೀಟರು ಉದ್ದದ ತೋಳಾದರೆ ಅದರ ತುದಿ ಒಮ್ಮೆಗೇ ಸುಮಾರು 4 ಸೆಂಟಿಮೀಟರು ಹಾರುವುದು. ಆದರೆ ಒಳಗಡೆ ಒಂದು ಹಲ್ಲು ಮುಂದಕ್ಕೆ, ಹೊರಗಡೆ ಒಂದು ಹಲ್ಲು ಹಿಂದಕ್ಕೆ ಸರಿಸಿದರೆ ಉಳಿಯುವುದು ಎರಡರ ವ್ಯತ್ಯಾಸ, ಅಂದರೆ 0.82 ಡಿಗ್ರಿ; ತೋಳಿನ ತುದಿಯಲ್ಲಿ 4 ಮಿಲಿಮೀಟರಿಗಿಂತ ಕಡಮೆ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸನ್ನು ಬಳಸಿದ ವಿದ್ಯಾರ್ಥಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇರಲಿ, ಸ್ಪ್ರಿಂಗು ಕುಗ್ಗುವುದಾದರೂ ಏಕೆ? ವಯಸ್ಸಾದಂತೆ ಉಕ್ಕು ಮೆತ್ತಗಾಗುವುದೆಂಬ ನಂಬಿಕೆ ಬಲವಾಗಿದೆ. ವಾಸ್ತವವಾಗಿ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕಗಳು ಪರಮಾಣುಗಳ ನಡುವಣ ಬಂಧದ ಬಲವನ್ನು ಅವಲಂಬಿಸಿವೆ. ಐವತ್ತು ವರ್ಷ ಭಾರ ಹೊತ್ತ ಮಾತ್ರಕ್ಕೆ ಆ ಬಂಧ ಸಡಿಲಾಗದು. ಬದಲಾಗುವುದು ಸ್ಪ್ರಿಂಗಿನ ಸಹಜ ಆಕಾರ. ಉಕ್ಕು ಅಸಂಖ್ಯಾತ ಸಣ್ಣ ಹರಳುಗಳಿಂದಾದುದು. ಹರಳುಗಳ ಒಳಗೆ ಪರಮಾಣುಗಳ ಸಾಲುಗಳಲ್ಲಿ ಅಲ್ಲಲ್ಲಿ ತಪ್ಪಿದ ಹೆಣಿಗೆಯಂತಹ ದೋಷಗಳಿರುವುವು. ಬಿಗುವು ಬಹುಕಾಲ ಇದ್ದರೆ, ಅದರ ಮೇಲೆ ಆಗಾಗ ದೊಡ್ಡ ಗುಂಡಿಗಳ ಪೆಟ್ಟೂ ಬಿದ್ದರೆ, ಈ ದೋಷಗಳು ಸ್ವಸ್ಥಾನದಿಂದ ಕೊಂಚ ಕೊಂಚವೇ ಜಾರುವುವು. ಹಾಗೆ ಜಾರಿದ ಭಾಗ ಹಿಂದಿರುಗುವುದಿಲ್ಲ. ಅದು ಶಾಶ್ವತ ವಿರೂಪವಾಗಿ ಉಳಿಯುವುದು. ಸ್ಪ್ರಿಂಗಿನ ಉಕ್ಕಿಗೆ ಸಿಲಿಕಾನ್ ಬೆರಸುವುದು ಈ ಜಾರುವಿಕೆಯನ್ನು ತಡೆಯಲೆಂದೇ. ನಮ್ಮ ಕಾರುಗಳಲ್ಲಿ ಚಾಲಕನ ಸ್ಥಾನ ಬಲಗಡೆ. ಒಬ್ಬರೇ ಓಡಾಡುವ ಗಾಡಿಯ ಬಲಮಗ್ಗುಲು ಹೆಚ್ಚು ಕುಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ಕುಗ್ಗಿದ ಸ್ಪ್ರಿಂಗು ಸತ್ತ ಸ್ಪ್ರಿಂಗಲ್ಲ. ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಬಹುದು. ಹಿಂದಿನ ಅಚ್ಚಿನ ನೇರಕ್ಕೆ 50 ಕಿಲೋಗ್ರಾಮಿನ ಎರಡು ಸಿಮೆಂಟಿನ ಚೀಲಗಳನ್ನು ಇಟ್ಟು ಗಾಡಿ ಇನ್ನೆಷ್ಟು ಇಳಿಯಿತೆಂದು ಅಳೆಯಬೇಕು. 2.5 ಸೆಂಟಿಮೀಟರು ಇಳಿಯಿತೆಂದರೆ ಎರಡು ಕಮಾನುಗಳ ಒಟ್ಟು ಬಿಗುವು ಮೀಟರಿಗೆ 39,200 ನ್ಯೂಟನ್. ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಇನ್ನೊಂದು ಕಾರಿನಲ್ಲಿಯೂ ಇಷ್ಟೇ ಬಂದರೆ ಬಿಗುವು ಹೋಗಿಲ್ಲ, ಆಕಾರ ಮಾತ್ರ ಹೋಗಿದೆ ಎಂದು ತಿಳಿಯಬೇಕು. ಹೆಚ್ಚು ಇಳಿದರೆ ಅಪರಾಧಿ ತುಕ್ಕು. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ, ದಪ್ಪದಲ್ಲಿ ಹತ್ತನೆಯ ಒಂದು ಪಾಲನ್ನು ತುಕ್ಕು ತಿಂದರೆ ಬಿಗುವಿನ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಹೋಗುವುದು. ಅಂತಹ ಪಟ್ಟಿಯನ್ನು ತೆಗೆದುಹಾಕಲೇಬೇಕು.

ಇನ್ನು ಶಾಕ್ ಅಬ್ಸಾರ್ಬರಿನ ಮಾತು. ಹಳೆಯ ಬಗೆಯ ಎಣ್ಣೆಯ ಶಾಕ್ ಅಬ್ಸಾರ್ಬರಿನಲ್ಲಿ ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುವಾಗ ಮಾತ್ರ ತಡೆ ಹುಟ್ಟುವುದು. ಚಲನೆಯಿಲ್ಲದಿದ್ದರೆ ಬಲವೂ ಇಲ್ಲ. ನಿಂತ ಗಾಡಿಯನ್ನು ಅದು ಒಂದು ಕೂದಲೆಳೆಯಷ್ಟೂ ಎತ್ತಿ ಹಿಡಿಯಲಾರದು. ಅದರ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ: ಪೆಟ್ಟನ್ನು ನುಂಗುವುದು ಸ್ಪ್ರಿಂಗು, ನುಂಗಿದ ಮೇಲೆ ಉಳಿಯುವ ತೂಗಾಟವನ್ನು ಶಾಖವಾಗಿ ಕರಗಿಸುವುದು ಇದರ ಕೆಲಸ. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಒಂದು ಬಾರಿ ಎದ್ದು ನಿಂತರೆ ಅದು ಚೆನ್ನಾಗಿದೆ. ಮೂರು ನಾಲ್ಕು ಬಾರಿ ತೂಗಿದರೆ ಬದಲಿಸಬೇಕು. ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಪಟ್ಟಿ ಹೆಚ್ಚಿಗೆ ಹಾಕುವ ಸಲಹೆಯನ್ನು ಈಗ ತೂಗಿ ನೋಡಬಹುದು. ಆರು ಪಟ್ಟಿಗಳ ಕಮಾನಿನ ಭಾರದಿಳಿತ 14 ಸೆಂಟಿಮೀಟರು ಎಂದಿರಲಿ. ಅದೇ ದಪ್ಪ ಮತ್ತು ಅದೇ ಬಾಗಿನ ಏಳನೆಯದನ್ನು ಸೇರಿಸಿದರೆ ಬಿಗುವು ಆರಕ್ಕೆ ಏಳರಂತೆ ಏರಿ ಭಾರದಿಳಿತ 12 ಆಗುವುದು. ಗಾಡಿ ಎದ್ದದ್ದು 2 ಸೆಂಟಿಮೀಟರು ಮಾತ್ರ. ಸವಾರಿ ಮಾತ್ರ ಖಂಡಿತವಾಗಿ ಗಡುಸಾಯಿತು. ಇದು ಸಾಲದೆಂದು ಹೆಚ್ಚು ಬಾಗಿದ ಪಟ್ಟಿಯನ್ನು ಹಾಕಿದರೆ, ಅದು ತನ್ನ ಪಾಲಿಗಿಂತ ಹೆಚ್ಚು ಭಾರವನ್ನು ಹೊತ್ತು ಎಲ್ಲಕ್ಕಿಂತ ಮೊದಲು ಮುರಿಯುವುದು. ಸರಿಯಾದ ದಾರಿಯೆಂದರೆ ಕಟ್ಟನ್ನು ಬಿಚ್ಚಿ, ಪ್ರತಿಯೊಂದು ಪಟ್ಟಿಗೂ ಅದರ ಮೊದಲಿನ ಬಾಗನ್ನು ತಣ್ಣಗಿರುವಾಗಲೇ ಮರಳಿ ಕೊಡುವುದು. ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಬಗ್ಗಿಸುವವರಿಗೆ ಗಾಡಿಯನ್ನು ಒಪ್ಪಿಸಬಾರದು. ಸ್ಪ್ರಿಂಗಿನ ಉಕ್ಕನ್ನು ಸುಮಾರು 850 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪದಗೊಳಿಸಿರುತ್ತಾರೆ. ಅಳತೆಯಿಲ್ಲದ ಬೆಂಕಿ ಆ ಪದವನ್ನು ಒಂದೇ ಗಳಿಗೆಯಲ್ಲಿ ಅಳಿಸಿಹಾಕುವುದು.

ಮುಂಭಾಗದ ಸರಳುಗಳ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಎಚ್ಚರಿಕೆ ಬೇಕು. ಎಡದ ಸರಳು, ಬಲದ ಸರಳು ನೋಡಲು ಅವಳಿಗಳಂತಿದ್ದರೂ ಒಂದರ ಬದಲು ಇನ್ನೊಂದನ್ನು ಹಾಕಕೂಡದು. ಇಂತಹ ಸರಳುಗಳನ್ನು ತಯಾರಿಸುವಾಗ, ಮುಂದೆ ಯಾವ ದಿಕ್ಕಿಗೆ ತಿರುಚಿಕೊಳ್ಳಬೇಕೋ ಅದೇ ದಿಕ್ಕಿಗೆ ಸ್ಥಿತಿಸ್ಥಾಪಕ ಮಿತಿಯನ್ನು ಮೀರಿ ಒಮ್ಮೆ ತಿರುಚಿ ಬಿಡುತ್ತಾರೆ. ಆಗ ಹೊರಪದರ ಜಾರಿ ಹೊಸ ಸ್ಥಾನದಲ್ಲಿ ನಿಲ್ಲುವುದು. ಒಳತಿರುಳು ಜಾರದೆ ಹಿಂದಿರುಗಲು ಎಳೆಯುವುದು. ಈ ಎಳೆದಾಟದಲ್ಲಿ ಹೊರಪದರದೊಳಗೆ ವಿರುದ್ಧ ದಿಕ್ಕಿನ ಪೀಡನ ಉಳಿದುಬಿಡುವುದು. ಗಾಡಿಯ ಭಾರ ಬಿದ್ದಾಗ ಮೊದಲು ಈ ವಿರುದ್ಧ ಪೀಡನ ಕಳೆಯಬೇಕು. ಆದುದರಿಂದ ಮೇಲ್ಮೈಗೆ ಬೀಳುವ ನಿಜವಾದ ಪೀಡನ ಕಡಮೆಯಾಗುವುದು. ಎಡಬಲ ಅದಲುಬದಲಾದರೆ ಕಳೆಯಬೇಕಾದುದು ಕೂಡುವುದು. ಆ ಸರಳು ಬೇಗ ಕುಗ್ಗುವುದು, ಇಲ್ಲವೆ ಮುರಿಯುವುದು. ಮೇಲ್ಮೈಯ ಗೀರಿಗೂ ಹೀಗೆಯೇ ಹೆದರಬೇಕು. ತಿರುಚಿನ ಪೀಡನ ಅತಿ ಹೆಚ್ಚಾಗಿರುವುದು ಮೇಲ್ಮೈಯಲ್ಲಿಯೇ; ಉಳಿಯ ಒಂದು ಗುರುತಿನಿಂದ ಹೊರಟ ಬಿರುಕು ಲಕ್ಷಾಂತರ ತಿರುಚುಗಳಲ್ಲಿ ಒಳಗೆ ಹಬ್ಬುವುದು. ಗುರುತು ಬೇಕಾದರೆ ಬಣ್ಣದಿಂದ ಮಾಡಬೇಕು. ಬಿಚ್ಚುವ ಮೊದಲು ಸರಳಿನ ತಿರುಚನ್ನು ಪೂರ್ತಿ ಇಳಿಸಬೇಕೆಂಬುದನ್ನೂ ಮರೆಯಬಾರದು. ನಮ್ಮ ಲೆಕ್ಕದ ಸರಳಿನಲ್ಲಿ ಅಡಗಿರುವ ಶಕ್ತಿ ಸುಮಾರು 148 ಜೂಲು. ಒಂದು ಮೀಟರು ಎತ್ತರದಿಂದ 15 ಕಿಲೋಗ್ರಾಮಿನ ಕಲ್ಲು ಬಿದ್ದಷ್ಟು.

ಕೆಲಸಕ್ಕೆ ಕೈಹಾಕುವ ಮುನ್ನ ಅಳತೆ ಸರಿಯಾಗಿರಬೇಕು. ನೆಲ ಸಮವಾಗಿದೆಯೆ ಎಂಬುದನ್ನು ಗಾರೆಯವರ ನೀರು ತುಂಬಿದ ಕೊಳವೆಯಿಂದ ನೋಡಬಹುದು. ಎತ್ತರವನ್ನು ನೆಲದಿಂದ ಅಳೆಯದೆ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಟೈರಿನ ಸವೆತ, ಗಾಳಿ ಇವುಗಳ ತೊಡಕು ತಪ್ಪುವುದು. ಪಟ್ಟಿಗಳ ನಡುವೆ ಘರ್ಷಣೆಯಿರುವುದರಿಂದ ಗಾಡಿ ನಿಲ್ಲಬೇಕಾದ ಕಡೆಯೇ ನಿಲ್ಲುವುದಿಲ್ಲ. ಒಮ್ಮೆ ಕೆಳಗೆ ಒತ್ತಿ ಮೆಲ್ಲನೆ ಬಿಟ್ಟು ಅಳೆಯಬೇಕು. ಇನ್ನೊಮ್ಮೆ ಮೇಲೆತ್ತಿ ಮೆಲ್ಲನೆ ಬಿಟ್ಟು ಅಳೆಯಬೇಕು. ಎರಡರ ಸರಾಸರಿಯೇ ನಿಜವಾದ ಎತ್ತರ.

ವಾಲಿದ ಮೂಲೆಯೇ ತಪ್ಪಿತಸ್ಥನೆಂದು ಹೇಳುವಂತಿಲ್ಲ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಕುಂಟುವುದು ಎರಡು ಕಾಲು. ಮೂರು ಕಾಲಿನ ಪೀಠಕ್ಕೆ ಈ ತೊಂದರೆಯಿಲ್ಲ. ಕಾರನ್ನೂ ತಾತ್ಕಾಲಿಕವಾಗಿ ಮೂರು ಕಾಲಿನದಾಗಿ ಮಾಡಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಅಚ್ಚಿನ ನಟ್ಟನಡುವೆ ಜಾಕ್ ಇಟ್ಟು, ಹಿಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಗಾಡಿಯ ಕೆಳಗೆ ಯಾರೂ ಹೋಗಬಾರದು. ಒಂದೇ ಬಿಂದುವಿನ ಮೇಲೆ ನಿಂತ ಅಚ್ಚು ಒಡಲನ್ನು ಎಡಕ್ಕಾಗಲಿ ಬಲಕ್ಕಾಗಲಿ ಹೊರಳಿಸಲಾರದು. ಆಗಲೂ ಮುಂಭಾಗ ವಾಲಿದ್ದರೆ ದೋಷ ಮುಂದಿನ ಸರಳುಗಳದು. ಮಟ್ಟಸವಾಗಿ ನಿಂತರೆ ಹಿಂದಿನ ಕಮಾನುಗಳದು. ಹಿಂದಿನ ಕಮಾನಿನ ದೋಷವನ್ನು ಮುಂದಿನ ಸರಳನ್ನು ತಿರುಗಿಸಿ ಮುಚ್ಚಿದ ಗಾಡಿಗಳು ಎಷ್ಟೋ ಇವೆ. ನೋಟಕ್ಕೆ ನೆಟ್ಟಗೆ ನಿಂತ ಆ ಗಾಡಿಯಲ್ಲಿ ಭಾರವೆಲ್ಲ ಓರೆಯಾಗಿ ಎರಡು ಚಕ್ರಗಳ ಮೇಲೆಯೇ ಹೆಚ್ಚಾಗಿ ಬಿದ್ದು, ಬ್ರೇಕು ಹಾಕಿದಾಗ ಒಂದು ಕಡೆಗೆ ಎಳೆಯುವುದು. ಆದುದರಿಂದ ಮೊದಲು ಹಿಂಭಾಗ, ಆಮೇಲೆ ಮುಂಭಾಗ.

ಕಮಾನುಗಳನ್ನು ಮರಳಿ ಕಟ್ಟುವಾಗ ಅವುಗಳ ತುದಿಯ ರಬ್ಬರು ಬುಷ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿಯದೆ ಬಿಟ್ಟಿರಬೇಕು. ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ನಾಲ್ಕಾರು ಬಾರಿ ಒತ್ತಿ ಬಿಟ್ಟು, ಅದು ತನ್ನ ಎತ್ತರಕ್ಕೆ ಬಂದ ಮೇಲೆ ಬಿಗಿಯಬೇಕು. ಜಾಕಿನ ಮೇಲಿರುವಾಗಲೇ ಬಿಗಿದರೆ ಚಕ್ರ ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ಸಹಜ ಸ್ಥಿತಿಯಾಗಿ, ಗಾಡಿ ಇಳಿದಾಗ ಅದೂ ತಿರುಚಿಕೊಂಡು ಸ್ವಲ್ಪ ಭಾರವನ್ನು ಹೊರುವುದು. ಎತ್ತರ ಒಂದೆರಡು ತಿಂಗಳು ಚೆನ್ನಾಗಿ ಕಾಣುವುದು. ರಬ್ಬರು ಹರಿದ ದಿನ ಮತ್ತೆ ಇಳಿಯುವುದು. ಬಾಗು ಕೊಟ್ಟ ಪಟ್ಟಿಗಳೂ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೊಂಚ ಇಳಿಯುವುವು. ಅಷ್ಟು ಓಡಿಸಿದ ಮೇಲೆ ಮತ್ತೆ ನಾಲ್ಕು ಮೂಲೆಗಳನ್ನು ಅಳೆದು, ಮುಂದಿನ ಸರಳುಗಳನ್ನು ಬೇಕಾದಷ್ಟು ಸರಿಸಿ, ಚಕ್ರಗಳ ಜೋಡಣೆಯನ್ನು ಪರೀಕ್ಷಿಸಿ, ಕೊನೆಯಲ್ಲಿ ಒಂದು ಗೋಡೆಯ ಮುಂದೆ ಗಾಡಿಯನ್ನು ನಿಲ್ಲಿಸಿ ದೀಪಗಳನ್ನು ಸರಿಯಾದ ಮಟ್ಟಕ್ಕೆ ಇಳಿಸಬೇಕು.